ಒಂದು ಸರಪಳಿ, ಎರಡು ಬೀಗ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮೀಟರ್ ಕೋಣೆಯ ಬಾಗಿಲಿಗೆ ಎರಡನೇ ಬೀಗ ಬಿತ್ತು. ಮೊದಲನೆಯದು ಶಾಲೆಯದು, ಹಿತ್ತಾಳೆಯದು. ಅದನ್ನು ಹೆಡ್‌ಮೇಡಂ ತಮ್ಮ ಕೈಯಾರೆ ಮೇಲಿನ ಚಿಲಕಕ್ಕೆ ಹಾಕಿದ್ದರು. ಎರಡನೆಯದು ಪಾರ್ಕಿನದು. ಪಾರ್ಕಿನ ಮೇಲ್ವಿಚಾರಕ ಅದನ್ನು ಪ್ಯಾಂಟಿನ ಜೇಬಿನಿಂದ ತೆಗೆದು ಕೆಳಗಿನ ಚಿಲಕಕ್ಕೆ ಸಿಕ್ಕಿಸಿ, ಕೀಲಿ ತಿರುಗಿಸಿ, ಎರಡು ಸಲ ಜಗ್ಗಿ ನೋಡಿದ.

ಪಕ್ಕದಲ್ಲಿ ವಿದ್ಯುತ್ ಇಲಾಖೆಯ ಎಂಜಿನಿಯರ್ ನಿಂತಿದ್ದಳು. ಕಾಮಗಾರಿ ಮುಗಿದಿದೆ, ಎಲ್ಲ ಸುರಕ್ಷಿತವಾಗಿದೆ ಎಂಬ ಪ್ರಮಾಣಪತ್ರ ಅವಳ ಕೈಯಲ್ಲಿತ್ತು. ಸಹಿಗೆಂದು ತೆಗೆದಿದ್ದ ಪೆನ್ನಿನ ಮುಚ್ಚಳವನ್ನು ಅವಳು ಮತ್ತೆ ಹಾಕಿದಳು.

"ಈಗ ಒಳಗೆ ಹೋಗಬೇಕು ಅಂದ್ರೆ?" ಎಂದು ಕೇಳಿದಳು.

"ಇಬ್ಬರೂ ಬರಬೇಕು," ಎಂದ ಮೇಲ್ವಿಚಾರಕ. "ಅದೇ ಒಳ್ಳೇದಲ್ವಾ ಮೇಡಂ. ನಾಳೆ ಒಳಗಿಂದ ಏನಾದರೂ ಕಾಣೆಯಾದರೆ ನೀನಾ ನಾನಾ ಅನ್ನೋ ಮಾತೇ ಇರಲ್ಲ."

ಹೆಡ್‌ಮೇಡಂ ಕೂಡ ತಲೆಯಾಡಿಸಿದರು. ಮೂರು ತಿಂಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಹೊಸ ಶಾಲೆ, ಹೊಸ ಪಾರ್ಕು ಎರಡೂ ಒಂದೇ ಖಾಲಿ ಜಾಗವನ್ನು ಸೀಳಿ ಮಾಡಿದವು. ನಡುವೆ ಆಳೆತ್ತರದ ಗೋಡೆ, ಅದರಲ್ಲಿ ಆಚೀಚೆ ಓಡಾಡಲು ಒಂದು ಸಂದು. ಎರಡು ಇಲಾಖೆಗಳೂ ಬೇರೆ ಬೇರೆ ವಿದ್ಯುತ್ ಸಂಪರ್ಕಕ್ಕೆ ಅರ್ಜಿ ಹಾಕಿದ್ದವು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದವಳು ಎಂಜಿನಿಯರ್. ಶಾಲೆಗೆ ಕರೆಂಟು ಬೇಕಾದದ್ದು ಹಗಲು: ಫ್ಯಾನು, ಕಂಪ್ಯೂಟರ್ ಕೋಣೆ, ತೊಟ್ಟಿಗೆ ನೀರೇರಿಸುವ ಪಂಪು. ಪಾರ್ಕಿಗೆ ಬೇಕಾದದ್ದು ಹೆಚ್ಚಾಗಿ ಸಂಜೆ: ನಲವತ್ತೆರಡು ದೀಪದ ಕಂಬ, ಒಂದು ಕಾರಂಜಿ. ಹಗಲಲ್ಲಿ ಗಿಡಕ್ಕೆ ನೀರು ಬಿಡುವ ಪಂಪು ಒಂದೇ. ಶಾಲೆ ಮಲಗುವ ಹೊತ್ತಿಗೆ ಪಾರ್ಕು ಏಳುತ್ತದೆ. ಹಾಗಾಗಿ ಒಂದೇ ಟ್ರಾನ್ಸ್‌ಫಾರ್ಮರ್, ಒಂದೇ ಕೇಬಲ್, ಗೋಡೆಯ ನಡುವೆ ಆ ಸಂದಿನ ಪಕ್ಕ ಒಂದೇ ಮೀಟರ್ ಕೋಣೆ ಸಾಕು ಎಂದು ಅವಳು ಬರೆದಳು. ಆ ಟಿಪ್ಪಣಿ ಮೇಲಿನ ಕಚೇರಿಯವರೆಗೂ ಹೋಯಿತು. ಇದೇ ನಕ್ಷೆಯನ್ನು ಇನ್ನೂ ಮೂರು ಕಡೆ ಬಳಸಬಹುದು ಎಂದು ದೊಡ್ಡ ಸಾಹೇಬರು ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದು ಕಳಿಸಿದರು.

ಅವಳ ಮೂಲ ನಕ್ಷೆಯಲ್ಲಿ ಕೋಣೆಯ ಹೊರಗೋಡೆಗೆ ಕೆಂಪು ಹಿಡಿಯ ಸ್ವಿಚ್ಚೊಂದಿತ್ತು. ಏನಾದರೂ ಅನಾಹುತವಾದರೆ ಯಾರು ಬೇಕಾದರೂ ಅದನ್ನು ಎಳೆದು ಎರಡೂ ಕಡೆಯ ಕರೆಂಟು ನಿಲ್ಲಿಸಬಹುದಿತ್ತು. ಮಕ್ಕಳು ದಿನಕ್ಕೆ ಹತ್ತು ಸಲ ಎಳೀತಾರೆ ಎಂದರು ಹೆಡ್‌ಮೇಡಂ. ಸಂಜೆ ಬರುವ ಪೋಲಿಗಳು ಬಿಡ್ತಾರಾ ಎಂದ ಮೇಲ್ವಿಚಾರಕ. ನಕ್ಷೆಗೆ ಒಪ್ಪಿಗೆ ಕೊಡುವ ಸಮಿತಿ ಅದನ್ನು ಹೊಡೆದುಹಾಕಿತು. ಹಾಗಾಗಿ ಈಗ ಎಲ್ಲವನ್ನೂ ನಿಲ್ಲಿಸುವ ಸ್ವಿಚ್ಚು ಇದ್ದದ್ದು ಒಂದೇ, ಅದೂ ಈ ಬಾಗಿಲಿನ ಒಳಗೆ.

ಒಂದೇ ಬೀಗ ಹಾಕಿ ಎರಡು ಕೀಲಿ ಮಾಡಿಸೋಣ ಎಂದು ಅವಳು ಹೇಳಿ ನೋಡಿದಳು. ನಮ್ಮ ಕೋಣೆಯ ಕೀಲಿ ಅವರ ಹತ್ತಿರ ಯಾಕಿರಬೇಕು ಎಂದು ಇಬ್ಬರೂ ಕೇಳಿದರು. ಆಗ ಅವಳು ಹಳೆಯ ಲೈನ್‌ಮನ್ ಒಬ್ಬ ತನಗೆ ಕಲಿಸಿದ್ದ ಉಪಾಯ ಹೇಳಿದಳು.

ಬಾಗಿಲಿಗೆ ಒಂದು ಸರಪಳಿ. ಅದರ ಒಂದು ತುದಿಯ ಕೊಂಡಿಗೆ ಶಾಲೆಯ ಬೀಗ, ಇನ್ನೊಂದು ತುದಿಯ ಕೊಂಡಿಗೆ ಪಾರ್ಕಿನ ಬೀಗ. ಎರಡು ತುದಿಗಳನ್ನು ಕೂಡಿಸುವುದು ಬೀಗಗಳೇ. ಒಂದು ಬೀಗದ ಕಂಬಿಯೊಳಗೆ ಇನ್ನೊಂದರ ಕಂಬಿ. ಯಾರು ತಮ್ಮ ಬೀಗ ತೆಗೆದರೂ ಸರಪಳಿ ಬಿಚ್ಚಿಕೊಳ್ಳುತ್ತದೆ. ಇಬ್ಬರಿಗೂ ಅವರವರ ಬೀಗ, ಅವರವರ ಕೀಲಿ, ಒಬ್ಬರಿಗಾಗಿ ಇನ್ನೊಬ್ಬರು ಕಾಯುವ ಹಾಗಿಲ್ಲ.

ಒಂದೇ ಒಂದು ಎಚ್ಚರ. ಮತ್ತೆ ಹಾಕುವಾಗ ನಿಮ್ಮ ಬೀಗ ಅವರ ಬೀಗದೊಳಗೆ ಹೋಗಬೇಕು. ಅದನ್ನು ಬಿಟ್ಟು ಸರಪಳಿಯ ಎರಡು ತುದಿಗಳಿಗೇ ನಿಮ್ಮ ಬೀಗ ಹಾಕಿದರೆ ಬಾಗಿಲೇನೋ ಭದ್ರ. ಅವರ ಬೀಗ ಮಾತ್ರ ಸುಮ್ಮನೆ ನೇತಾಡುತ್ತಿರುತ್ತದೆ. ಅವರು ಕೀಲಿ ಹಾಕಿ ತೆಗೆದರೂ ಬಾಗಿಲು ತೆರೆಯುವುದಿಲ್ಲ.

ಕೀಲಿ ಇರಬೇಕಾದವರು ಇಬ್ಬರು. ಶಾಲೆಯ ಕಡೆಯಿಂದ ಗಂಟೆ ಹೊಡೆಯುವ ಅಟೆಂಡರ್. ಅವಳನ್ನು ಎಲ್ಲರೂ ಗಂಟೆಯಕ್ಕ ಎನ್ನುತ್ತಿದ್ದರು. ಪಾರ್ಕಿನ ಕಡೆಯಿಂದ ಕಾವಲುಗಾರ. ಹುಲ್ಲಿನ ಮೇಲೆ ಕಾಲಿಟ್ಟವರಿಗೆಲ್ಲ ಸೀಟಿ ಊದುತ್ತಿದ್ದುದರಿಂದ ಅವನ ಹೆಸರೇ ಸೀಟಿಯಣ್ಣ ಎಂದಾಗಿತ್ತು. ಎಂಜಿನಿಯರ್ ಇಬ್ಬರ ಕೈಯಲ್ಲೂ ನಾಲ್ಕು ನಾಲ್ಕು ಸಲ ಬೀಗ ಹಾಕಿಸಿದಳು, ತೆಗೆಸಿದಳು. "ನನ್ನ ಮದುವೇಲೂ ಗಂಟು ಹಾಕೋಕೆ ಇಷ್ಟು ಪಾಠ ಮಾಡಿರಲಿಲ್ಲ ಮೇಡಂ," ಎಂದ ಸೀಟಿಯಣ್ಣ. ಗಂಟೆಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹನ್ನೊಂದೂ ಕಾಲಿಗೆ ಎಂಜಿನಿಯರ್ ಪ್ರಮಾಣಪತ್ರಕ್ಕೆ ಸಹಿ ಹಾಕಿದಳು.

ಎರಡನೇ ವಾರದಲ್ಲೇ ಅವಳು ಮೀಟರ್ ನೋಡಲು ಬಂದಾಗ ಸರಪಳಿ ತಪ್ಪಾಗಿತ್ತು. ಪಾರ್ಕಿನ ಬೀಗ ಎರಡು ತುದಿಗಳನ್ನೂ ಹಿಡಿದುಕೊಂಡಿತ್ತು, ಶಾಲೆಯದು ಪಕ್ಕದಲ್ಲಿ ಜೋತಾಡುತ್ತಿತ್ತು. ನೋಡಿದರೆ ಏನೂ ಅನ್ನಿಸುವಂತಿರಲಿಲ್ಲ. ಎರಡು ಬೀಗ, ಒಂದು ಸರಪಳಿ, ಮುಚ್ಚಿದ ಬಾಗಿಲು. ಅವಳು ಸೀಟಿಯಣ್ಣನನ್ನು ಕರೆದು ಬೈದು ತೋರಿಸಿದಳು. ಅವನು ನಾಲಿಗೆ ಕಚ್ಚಿಕೊಂಡು ಸರಿಮಾಡಿದ. ಮುಂದಿನ ತಿಂಗಳು ಅದೇ ತಪ್ಪು ಶಾಲೆಯ ಕಡೆಯಿಂದ ಆಯಿತು. ಅವಳು ಕಾಗದದ ಮೇಲೆ ಚಿತ್ರ ಬರೆದು, ಕೆಳಗೆ 'ಬೀಗದೊಳಗೆ ಬೀಗ' ಎಂದು ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದಳು. ಮೂರು ದಿನ ಬಿಟ್ಟು ನೋಡಿದರೆ ಯಾರೋ ಅದನ್ನು ಅರ್ಧ ಹರಿದಿದ್ದರು. ಉಳಿದ ಅರ್ಧದಲ್ಲಿ 'ಬೀಗ' ಎಂದಷ್ಟೇ ಇತ್ತು.

ಆ ವಾರವೇ ಒಂದು ದಿನ ಮನೆಯಲ್ಲಿ ಊಟಕ್ಕೆ ಮುಂಚೆ ಅವಳು ಅತ್ತೆಗೆ ಇದನ್ನೆಲ್ಲ ಹೇಳಿದಳು. ಅತ್ತೆ ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು; ಕಣ್ಣು ಮಂಜಾದ ಮೇಲೆ ಅಂಗಡಿ ಬಿಟ್ಟಿದ್ದರೂ ಸೂಜಿದಾರದ ಡಬ್ಬ ಕೈಬಿಟ್ಟಿರಲಿಲ್ಲ. ಎಂಜಿನಿಯರ್ ಡಬ್ಬದಿಂದ ಒಂದು ತುಂಡು ಲಾಡಿ, ಎರಡು ಪಿನ್ನು ತೆಗೆದು, ಲಾಡಿಯ ಎರಡು ತುದಿಗೆ ಪಿನ್ನು ಚುಚ್ಚಿ, ಒಂದರೊಳಗೊಂದು ಸೇರಿಸಿ ತೋರಿಸಿದಳು. ಒಂದು ಪಿನ್ನು ಬಿಚ್ಚಿ, ಈಗ ನೀವು ಹಾಕಿ ಎಂದು ಕೊಟ್ಟಳು. ಅತ್ತೆ ಹಾಕಿದರು. ತಪ್ಪಾಗಿತ್ತು.

"ನನಗೇ ತಪ್ಪಿತಲ್ಲೇ," ಎಂದರು ಅತ್ತೆ. "ಕಣ್ಣು ಹೋದರೂ ಕೈ ಹೋಗಿಲ್ಲ ಅಂದ್ಕೊಂಡಿದ್ದೆ."

"ಮೊದಲನೇ ಸಲ ಅಲ್ವಾ ಅತ್ತೆ. ಅಭ್ಯಾಸ ಆದರೆ ಸರಿಹೋಗುತ್ತೆ."

"ಅಭ್ಯಾಸ ಆದ ಮೇಲೆ ಯಾರು ನೋಡಿಕೊಂಡು ಹಾಕ್ತಾರೆ?" ಎಂದು ಅತ್ತೆ ಪಿನ್ನುಗಳನ್ನು ಡಬ್ಬಕ್ಕೆ ಹಾಕಿ ಮುಚ್ಚಿದರು.

ಐದನೇ ತಿಂಗಳ ಮೊದಲ ಬುಧವಾರ ಪಾರ್ಕಿನ ತೋಟದವನು ದೂರು ಹೇಳಿದ. ಅರವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ನೀರಿನ ಪಂಪು ಚಾಲೂ ಮಾಡುವ ಕಬ್ಬಿಣದ ಪೆಟ್ಟಿಗೆ ಮುಟ್ಟಿದರೆ ಇರುವೆ ಕಚ್ಚಿದ ಹಾಗಾಗುತ್ತದೆ ಎಂದ. ಯಾವಾಗಲೂ ಅಲ್ಲ, ಒಂದೊಂದು ಸಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಎಂಜಿನಿಯರ್ ಅಲ್ಲಿದ್ದಳು. ಶಾಲೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು, ಗಂಟೆಯಕ್ಕ ಅಂಗಳದಲ್ಲಿದ್ದಳು. ಸೀಟಿಯಣ್ಣ ಆ ತುದಿಯ ಗೇಟಿನ ಹತ್ತಿರ ಎಲ್ಲೋ ಸೀಟಿ ಊದುತ್ತಿದ್ದುದು ಕೇಳಿಸುತ್ತಿತ್ತು. ಕಾವಲು ಗೂಡಿನ ಮೊಳೆಗೆ ಪಾರ್ಕಿನ ಕೀಲಿ ನೇತುಹಾಕಿತ್ತು. ಅವಳು ಅದನ್ನು ತೆಗೆದುಕೊಂಡು ಕೋಣೆ ತೆರೆದಳು. ಪಂಪಿನ ಸ್ವಿಚ್ಚು ಆರಿಸಿ ಅದರ ತಂತಿ ಅಳೆದಳು, ಪೆಟ್ಟಿಗೆಯ ಹತ್ತಿರ ಹೋಗಿ ನೆಲಕ್ಕಿಳಿಯುವ ತಂತಿಯ ಬೋಲ್ಟು ಬಿಗಿಮಾಡಿದಳು, ಮತ್ತೆ ಅಳೆದಳು. ಪೆಟ್ಟಿಗೆ ಒಣಗಿತ್ತು, ಅವಳ ಕೈಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಒಂಬತ್ತೂ ಮುಕ್ಕಾಲಿಗೆ ಅವಳು ಸ್ವಿಚ್ಚು ಮತ್ತೆ ಹಾಕಿ ಹೊರಬರುವಾಗ ಫೋನು ಬಂತು. ದೊಡ್ಡ ಸಾಹೇಬರು. ಮೂರು ಕಡೆಗಳಲ್ಲಿ ಕೊನೆಯದಕ್ಕೆ ಅದೇ ನಕ್ಷೆ ಹೊಂದುತ್ತದೆಯೇ, ಗೋಡೆ ಎಷ್ಟು ದಪ್ಪ ಬೇಕು ಎಂದು ಕೇಳುತ್ತಿದ್ದರು. ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು, ಹೌದು ಸರ್, ಒಂಬತ್ತಿಂಚು ಸರ್ ಎನ್ನುತ್ತ ಬಾಗಿಲು ಮುಚ್ಚಿದಳು, ಸರಪಳಿ ಎಳೆದಳು, ಬೀಗ ಒತ್ತಿದಳು. ಕೀಲಿಯನ್ನು ಮೊಳೆಗೆ ಹಾಕಿ ಹೊರಟುಹೋದಳು. ಅವಳು ಬಂದದ್ದನ್ನು ಸೀಟಿಯಣ್ಣ ನೋಡಲಿಲ್ಲ.

ಹನ್ನೊಂದು ಗಂಟೆಗೆ ಸೀಟಿಯಣ್ಣ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾರ್ಕಿನ ಕೇಂದ್ರ ಕಚೇರಿಗೆ ಹೋದ. ತಿಂಗಳ ಮೊದಲ ಗುರುವಾರ ಕಾವಲುಗಾರರೆಲ್ಲ ಅಲ್ಲಿಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಮಾಡಬೇಕಿತ್ತು.

ಹನ್ನೆರಡೂ ಇಪ್ಪತ್ತಕ್ಕೆ ಗಂಟೆ ಹೊಡೆಯಲು ಗಂಟೆಯಕ್ಕ ಕಂಬದ ಹತ್ತಿರ ಬಂದಳು. ಗೋಡೆಯ ಸಂದಿನಲ್ಲಿ ನೋಡಿದರೆ ಆಚೆ ತೋಟದವನು ಪಂಪಿನ ಪೆಟ್ಟಿಗೆಗೆ ಕೈಹಚ್ಚಿ ನಿಂತಿದ್ದ. ಕಾಲ ಬಳಿ ಪೈಪಿನ ಜಾಯಿಂಟು ಬಿಟ್ಟುಕೊಂಡು ನೀರು ಹರಿಯುತ್ತಿತ್ತು. ಅವನು ನೀರನ್ನು ನೋಡುತ್ತಿರಲಿಲ್ಲ, ಕರೆದರೆ ತಿರುಗಲಿಲ್ಲ. ಕರೆಂಟಿನ ಸೋರಿಕೆ ಕಂಡ ಕೂಡಲೇ ತಾನಾಗಿಯೇ ಬೀಳಬೇಕಾದ ಸ್ವಿಚ್ಚು ಮೀಟರ್ ಕೋಣೆಯೊಳಗೊಂದಿತ್ತು, ಅದು ಬೀಳಲಿಲ್ಲ. ಯಾಕೆ ಬೀಳಲಿಲ್ಲ ಎಂಬ ಬಗ್ಗೆ ಆಮೇಲೆ ಬೇರೆಯೇ ಒಂದು ವರದಿ ಬಂತು. ಗಂಟೆಯಕ್ಕ ಗಂಟೆಯ ಕೋಲು ಎಸೆದು ಮೀಟರ್ ಕೋಣೆಗೆ ಓಡಿದಳು. ಸೊಂಟದ ಕೀಲಿ ತೆಗೆದು ತನ್ನ ಬೀಗ ತೆರೆದಳು. ಬೀಗ ಕೈಗೆ ಬಂತು. ಸರಪಳಿ ಬರಲಿಲ್ಲ. ಅವಳು ಎರಡೂ ಕೈಯಿಂದ ಎಳೆದಳು, ಬಾಗಿಲಿಗೆ ಒದ್ದಳು, ಮತ್ತೆ ಎಳೆದಳು.

ಕೊನೆಗೆ ಅವಳ ಕೂಗಿಗೆ ಬಂದ ಗಣಿತದ ಮೇಷ್ಟ್ರು ಮುರಿದ ಬೆಂಚಿನ ಹಲಗೆ ತಂದು ತೋಟದವನ ಕೈಗೆ ಹೊಡೆದು ಬಿಡಿಸಿದರು. ಆ ದಿನದ ಹನ್ನೆರಡೂ ಇಪ್ಪತ್ತರ ಗಂಟೆ ಬಾರಿಸಿದ್ದು ಹೆಡ್‌ಮೇಡಂ. ಅವರ ಕೈಗಡಿಯಾರದ ಪ್ರಕಾರ ಆಗ ಹನ್ನೆರಡೂ ಇಪ್ಪತ್ತನಾಲ್ಕು. ತೋಟದವನು ಉಸಿರಾಡುತ್ತಿದ್ದ.

ಎಂಜಿನಿಯರ್ ಬಂದಾಗ ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಆಸ್ಪತ್ರೆಯ ಗಾಡಿ ಹೋಗಿಯಾಗಿತ್ತು. ಸಬ್‌ಸ್ಟೇಷನ್‌ನವರು ಇಡೀ ಬಡಾವಣೆಯ ಕರೆಂಟು ತೆಗೆದಿದ್ದರು. ತರಗತಿಗಳಲ್ಲಿ ಫ್ಯಾನು ನಿಂತು, ಮಕ್ಕಳ ದನಿ ಹೊರಗೆ ದೊಡ್ಡದಾಗಿ ಕೇಳುತ್ತಿತ್ತು. ಗಂಟೆಯಕ್ಕ ಬಾಗಿಲ ಮುಂದೆಯೇ ಕುಳಿತಿದ್ದಳು. ತೆರೆದ ಹಿತ್ತಾಳೆ ಬೀಗ ಇನ್ನೂ ಅವಳ ಮುಷ್ಟಿಯಲ್ಲಿತ್ತು.

"ನಾನು ತೆಗೆದೆ ಮೇಡಂ," ಎಂದಳು. "ನೀವು ಹೇಳಿಕೊಟ್ಟ ಹಾಗೇ ತೆಗೆದೆ."

ಎಂಜಿನಿಯರ್ ಸರಪಳಿ ನೋಡಿದಳು. ಪಾರ್ಕಿನ ಬೀಗದ ಕಂಬಿ ಎರಡು ತುದಿಯ ಕೊಂಡಿಗಳ ಮೂಲಕ ಹಾದುಹೋಗಿತ್ತು. ಬೆಳಿಗ್ಗೆ ಬೀಗ ತೆಗೆಯುವಾಗ ಅದು ಶಾಲೆಯ ಬೀಗದೊಳಗಿತ್ತು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಸರಿಯಾಗಿದೆಯಲ್ಲ ಎಂದು ಆಗ ಸಮಾಧಾನಪಟ್ಟುಕೊಂಡಿದ್ದಳು. ಹಾಕಿದ್ದು ನೆನಪಿರಲಿಲ್ಲ. ಒಂಬತ್ತಿಂಚು ಸರ್ ಎಂದದ್ದು ನೆನಪಿತ್ತು.

ಸೀಟಿಯಣ್ಣ ಬರುವಷ್ಟರಲ್ಲಿ ಒಂದೂವರೆ. ಗೇಟಿನಲ್ಲೇ ಯಾರೋ ವಿಷಯ ಹೇಳಿದ್ದರು. ಅವನು ಕೋಣೆಯ ಮುಂದೆ ಬಂದು ಸರಪಳಿ ನೋಡಿ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ಪೊಲೀಸ್ ಪೇದೆ ಪುಸ್ತಕ ತೆರೆದು, ಕೊನೆಗೆ ಬೀಗ ಹಾಕಿದ್ದು ಯಾರು ಎಂದು ಕೇಳಿದ.

"ನಾನೇ ಇರಬೇಕು ಸರ್," ಎಂದ ಸೀಟಿಯಣ್ಣ. "ಬೆಳಿಗ್ಗೆ ಆರಕ್ಕೆ ದೀಪ ಆರಿಸೋಕೆ ತೆಗೆದಿದ್ದೆ. ಹೆಂಗೆ ಹಾಕಿದೆ ಅಂತ ನೆನಪಾಗ್ತಿಲ್ಲ. ಮುಂಚೆ ಒಂದು ಸಲ ತಪ್ಪು ಹಾಕಿದ್ದೆ, ಮೇಡಂ ಬೈದಿದ್ರು. ಕೇಳಿ ಬೇಕಾದ್ರೆ."

ಪೇದೆ ಅವಳ ಕಡೆ ನೋಡಿದ.

"ಹೌದು," ಎಂದಳು ಎಂಜಿನಿಯರ್. "ಬೈದಿದ್ದೆ."

ಅಷ್ಟೇ ಹೇಳಿದಳು. ಪೇದೆ ಬರೆದುಕೊಂಡ. ಸೀಟಿಯಣ್ಣ ಸಹಿ ಹಾಕಿದ. ಮೊದಲ ಸಹಿ ಕೆಟ್ಟಿತು. ಪಕ್ಕದಲ್ಲಿ ಇನ್ನೊಂದು ಹಾಕಿದ.

ಆ ಸಂಜೆ ಅವಳು ಮನೆಗೆ ಬಂದು ಚಪ್ಪಲಿ ಬಿಚ್ಚದೆ ಕುರ್ಚಿಯಲ್ಲಿ ಕುಳಿತಳು. ಗಂಡ ಫ್ಯಾಕ್ಟರಿಯಿಂದ ಇನ್ನೂ ಬಂದಿರಲಿಲ್ಲ, ಮಗಳು ಒಳಗೆ ಓದುತ್ತಿದ್ದಳು. ಅತ್ತೆಗೆ ವಿಷಯ ಪಕ್ಕದ ಮನೆಯಿಂದ ತಲುಪಿತ್ತು. ಅವರು ಚಹಾ ತಂದಿಟ್ಟು ಎದುರಿಗೆ ಕುಳಿತರು. ಆ ಮನುಷ್ಯನಿಗೆ ಮಕ್ಕಳಿದ್ದಾರಾ, ಕೈ ಎಷ್ಟು ಸುಟ್ಟಿದೆ ಎಂದೆಲ್ಲ ಕೇಳಿದರು. ಆಮೇಲೆ, "ಬೀಗ ತಪ್ಪು ಹಾಕಿದ್ದು ಯಾರು?" ಎಂದರು.

"ಕಾವಲುಗಾರ ಅಂತ ಬರ್ಕೊಂಡಿದ್ದಾರೆ."

"ಬರ್ಕೊಂಡಿದ್ದು ಏನು ಅಂತ ನಾನು ಕೇಳಲಿಲ್ಲ."

ಎಂಜಿನಿಯರ್ ಬಗ್ಗಿ ಚಪ್ಪಲಿ ಬಿಚ್ಚತೊಡಗಿದಳು. ಕೆನೆ ಕಟ್ಟಿದ ಚಹಾದ ಲೋಟವನ್ನು ಅತ್ತೆಯೇ ಎತ್ತಿಕೊಂಡು ಹೋದರು.

ಮರುದಿನ ಹನ್ನೊಂದಕ್ಕೆ ಅವಳು ದೊಡ್ಡ ಸಾಹೇಬರ ಕೋಣೆಯಲ್ಲಿದ್ದಳು. ಮೇಜಿನ ಮೇಲೆ ಸೀಟಿಯಣ್ಣನ ಅಮಾನತು ಆದೇಶದ ಪ್ರತಿಯಿತ್ತು. ಪಾರ್ಕಿನ ಇಲಾಖೆ ಬೆಳಿಗ್ಗೆಯೇ ಕಳಿಸಿತ್ತು. ತೋಟದವನು ಕಣ್ಣು ಬಿಟ್ಟಿದ್ದಾನೆ, ಎರಡು ಚಮಚ ನೀರು ಕುಡಿದನಂತೆ ಎಂದು ಸಾಹೇಬರು ಹೇಳಿದರು. ಕಾವಲುಗಾರನೂ ಎರಡು ತಿಂಗಳು ಬಿಟ್ಟು ಬೇರೆ ಪಾರ್ಕಿಗೆ ಹೋಗುತ್ತಾನೆ, ಹದಿನೈದು ದಿನದಲ್ಲಿ ಎಲ್ಲ ತಣ್ಣಗಾಗುತ್ತದೆ ಎಂದರು. ಅವಳು ನಿಂತೇ ಇದ್ದಳು. ನಿನ್ನೆ ಬೆಳಿಗ್ಗೆ ನಿಮ್ಮ ಫೋನು ಬಂದಾಗ ನಾನು ಎಲ್ಲಿದ್ದೆ, ಯಾರ ಕೀಲಿ ತೆಗೆದುಕೊಂಡಿದ್ದೆ, ಏನು ಮಾಡುತ್ತಿದ್ದೆ ಎಂಬುದನ್ನು ಗಂಟೆ ನಿಮಿಷ ಸಮೇತ ಹೇಳಿದಳು.

ಸಾಹೇಬರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ," ಎಂದರು. "ಕೂತ್ಕೊಳ್ಳಿ. ಕಾವಲುಗಾರ ತಪ್ಪು ಮಾಡಿದರೆ ಒಬ್ಬ ಕಾವಲುಗಾರ ತಪ್ಪು ಮಾಡಿದ ಹಾಗೆ, ಅಷ್ಟೇ. ನೀವು ಮಾಡಿದರೆ ಹಾಗಲ್ಲ. ಊರಿಗೆಲ್ಲ ಕಲಿಸಿದವರೇ ತಪ್ಪು ಹಾಕಿದರು ಅಂದ್ರೆ ಆ ಏರ್ಪಾಡೇ ತಪ್ಪು ಅಂತಾಗುತ್ತೆ. ಅದೇ ಏರ್ಪಾಡು ಈಗಾಗಲೇ ಎರಡು ಕಡೆ ನಡೀತಿದೆ, ಮೂರನೇ ಕಡೆ ಗೋಡೆ ಏಳೋದರಲ್ಲಿದೆ."

"ಹೌದು ಸರ್. ಅದಕ್ಕೇ ಹೇಳ್ತಿರೋದು."

"ನಿಮಗೆ ಮಗಳಿದ್ದಾಳೆ ಅಲ್ವಾ?"

"ಇದ್ದಾಳೆ ಸರ್."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ವಾರ ರಜೆ ತಗೊಳ್ಳಿ, ಆಮೇಲೆ ಮಾತಾಡೋಣ ಎಂದರು. ಅವಳು ನಮಸ್ಕರಿಸಿ ಹೊರಗೆ ಬಂದಳು.

ತನ್ನ ಮೇಜಿಗೆ ಬಂದು ಅವಳು ಬಿಳಿ ಹಾಳೆ ತೆಗೆದುಕೊಂಡಳು. ಮೊದಲ ಸಲ ಬರೆದದ್ದು ಎರಡು ಪುಟವಾಯಿತು. ಓದಿ ನೋಡಿದರೆ ಅದರಲ್ಲಿ ಫೋನು ಬಂದದ್ದು, ಸಮಿತಿ ಸ್ವಿಚ್ಚು ತೆಗೆದದ್ದು, ಬಾಗಿಲ ಕಾಗದ ಹರಿದದ್ದು ಎಲ್ಲ ಇತ್ತು. ಅದನ್ನು ಮಡಚಿ ಡ್ರಾಯರಿಗೆ ಹಾಕಿದಳು. ಎರಡನೇ ಸಲ ಆರು ಸಾಲು ಬರೆದಳು. ಗುರುವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಬೀಗವನ್ನು ತಪ್ಪಾಗಿ ಹಾಕಿದ್ದು ತಾನು. ಕಾವಲುಗಾರನ ಹೇಳಿಕೆ ಊಹೆ, ಸತ್ಯವಲ್ಲ. ಅವನು ಹೇಳಿಕೆ ಕೊಡುವಾಗ ತಾನು ಅಲ್ಲೇ ಇದ್ದೂ ಸುಮ್ಮನಿದ್ದದ್ದು ನಿಜ. ಇದೇ ರೀತಿಯ ಬೀಗಗಳನ್ನು ಉಳಿದ ಕಡೆಗಳಿಂದ ಈ ದಿನವೇ ತೆಗೆಸಬೇಕು. ಒಂದು ಪ್ರತಿ ಪೊಲೀಸ್ ಠಾಣೆಗೆ, ಒಂದು ಪಾರ್ಕಿನ ಇಲಾಖೆಗೆ ಎಂದು ಕೆಳಗೆ ಬರೆದಳು.

ಪತ್ರ ತೆಗೆದುಕೊಳ್ಳುವ ಕಿಟಕಿಯಲ್ಲಿ ಗುಮಾಸ್ತೆ ಊಟ ಮುಗಿಸಿ ಬಂದು ಇನ್ನೂ ಕೈ ಒರೆಸಿಕೊಳ್ಳುತ್ತಿದ್ದಳು. ಪತ್ರ ಓದತೊಡಗಿದವಳು ಮೂರನೇ ಸಾಲಿಗೆ ನಿಂತಳು.

"ಮೇಡಂ, ಸೀಲು ಹಾಕಿದರೆ ವಾಪಸ್ ಕೊಡೋಕಾಗಲ್ಲ," ಎಂದಳು ಮೆಲ್ಲಗೆ. "ಸಾಹೇಬರಿಗೆ ಒಂದು ಮಾತು ಹೇಳಿದ್ದೀರಾ?"

"ಹೇಳಿದ್ದೀನಿ. ಹಾಕಮ್ಮ."

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಸೀಲು ಬಿತ್ತು. ಮೂರು ಪ್ರತಿಗಳ ಮೇಲೂ ತಾರೀಖು, ಹೊತ್ತು ಬರೆಸಿಕೊಂಡು ಎಂಜಿನಿಯರ್ ಠಾಣೆಗೆ ನಡೆದೇ ಹೋದಳು, ಅಲ್ಲಿಂದ ಪಾರ್ಕಿನ ಕಚೇರಿಗೆ. ನಾಲ್ಕೂವರೆಗೆ ಮನೆ ಸೇರಿದಳು. ಅತ್ತೆಗೆ ಎಲ್ಲವನ್ನೂ ಹೇಳಿದಳು. ಅತ್ತೆ ಅವಳ ತಟ್ಟೆಗೆ ಊಟ ಬಡಿಸಿದರು. ಅವಳು ತಿಂದಳು.

ಐದೂ ಮುಕ್ಕಾಲಿಗೆ ಆಸ್ಪತ್ರೆಯಲ್ಲಿ ತೋಟದವನು ತೀರಿಕೊಂಡ.

ಪೊಲೀಸರು ಬಂದದ್ದು ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ. ಅತ್ತೆ ಬಾಗಿಲು ತೆರೆದರು.